ಮಳೆ ಹಿಂದೆಗೆದ ಮೇಲಿನ ಕೆಲಸ: ನಮ್ಮ ಹ್ಯಾಮ್ ಕ್ಲಬ್ಬಿನ ಮುಂದಿನ ತಿಂಗಳುಗಳು

ಭಾದ್ರಪದ ಮುಗಿಯುತ್ತ ಬಂದಂತೆ ಚಿಕ್ಕಮಗಳೂರಿನಲ್ಲಿ ಬೆಳಗಿನ ಹೊತ್ತು ಮುಳ್ಳಯ್ಯನಗಿರಿಯ ನೆತ್ತಿ ಮತ್ತೆ ಕಾಣಿಸತೊಡಗಿದೆ. ನಾಲ್ಕು ತಿಂಗಳು ಮೋಡದೊಳಗೆ ಹುದುಗಿದ್ದ ಬೆಟ್ಟಸಾಲು ಹೊರಬಂದಿತೆಂದರೆ ನಮ್ಮ ಹವ್ಯಾಸಿ ರೇಡಿಯೊ ಕ್ಲಬ್ಬಿನವರಿಗೆ ವರ್ಷ ಆರಂಭವಾದಂತೆ. ಗಾಳಿಗೆ ಹರಿದುಬಿದ್ದ ಆಂಟೆನಾ ತಂತಿಗಳನ್ನು ಸುತ್ತಿಡುವುದು, ನೀರು ಕುಡಿದ ಕೇಬಲ್ಲುಗಳನ್ನು ಕತ್ತರಿಸಿ ಎಸೆಯುವುದು, ಬ್ಯಾಟರಿಗಳ ವೋಲ್ಟೇಜು ನೋಡಿ ಬರೆದಿಡುವುದು ಈ ದಿನಗಳ ಕೆಲಸ. ಕಳೆದ ಭಾನುವಾರ ಹದಿನಾಲ್ಕು ಮಂದಿ ಸೇರಿ, ಈ ಕೆಲಸದ ನಡುವೆಯೇ, ಮುಂದಿನ ಮಳೆಗಾಲದವರೆಗೆ ಮಾಡಬೇಕಾದುದನ್ನು ನಿರ್ಧರಿಸಿದೆವು. ಆ ನಿರ್ಧಾರಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಹ್ಯಾಮ್ ರೇಡಿಯೊ ಎಂದಾಗ ಹಲವರು ಹಾಸನದ ಆಕಾಶವಾಣಿಯಂತಹ ಒಂದು ಸಣ್ಣ ಕೇಂದ್ರವನ್ನು ಊಹಿಸಿಕೊಳ್ಳುತ್ತಾರೆ. ನಮ್ಮದು ಬಾನುಲಿ ಪ್ರಸಾರವಲ್ಲ. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯಿಂದ ಪರವಾನಗಿಯನ್ನೂ ತನ್ನದೇ ಒಂದು ಕರೆಸಂಕೇತವನ್ನೂ ಪಡೆದ ವ್ಯಕ್ತಿಯು ಅಂತಹುದೇ ಇನ್ನೊಬ್ಬ ವ್ಯಕ್ತಿಯೊಡನೆ ನೇರವಾಗಿ, ನಡುವೆ ಟವರಾಗಲಿ ಕಂಪನಿಯಾಗಲಿ ಇಲ್ಲದೆ ಮಾತನಾಡುವ ವ್ಯವಸ್ಥೆ ಇದು. ಇಲ್ಲಿ ಹಾಡು ಹಾಕುವಂತಿಲ್ಲ, ವ್ಯಾಪಾರದ ಮಾತು ಆಡುವಂತಿಲ್ಲ, ಗುಪ್ತಲಿಪಿ ಬಳಸುವಂತಿಲ್ಲ. ತೋಟದ ಮಾಲೀಕರು ಕೆಲವರು ಆಗಾಗ ಬಂದು, ತೋಟದ ಲೆಕ್ಕ ನೋಡುವ ರೈಟರಿಗೂ ತಮಗೂ ಒಂದೊಂದು ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟು, ಕೊಡಿಸಬಹುದೇ ಎಂದು ಕೇಳುತ್ತಾರೆ. ಅವರಿಗೆ ನಾವು ಇಲ್ಲವೆಂದೇ ಹೇಳಬೇಕಾಗುತ್ತದೆ. ತೋಟದ ವ್ಯವಹಾರಕ್ಕೆ ಹ್ಯಾಮ್ ಆವರ್ತನಗಳನ್ನು ಬಳಸುವುದು ಕಾನೂನಿಗೆ ವಿರುದ್ಧ, ಅದಕ್ಕಾಗಿ ಪರವಾನಗಿ ಬೇಡದ ಕಡಿಮೆ ಶಕ್ತಿಯ ಬೇರೆ ಉಪಕರಣಗಳಿವೆ.

ಕ್ಲಬ್ಬು ಹುಟ್ಟಿದ ಕಾರಣವನ್ನು ನಾನು 2019ರ ಆಗಸ್ಟ್ ತಿಂಗಳಿನಿಂದಲೇ ಹೇಳಬೇಕು. ಆ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂತಹ ಊರುಗಳಲ್ಲಿ ಗುಡ್ಡ ಜರಿದು ಮನೆಗಳೂ ತೋಟಗಳೂ ಕೊಚ್ಚಿಹೋದವು, ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ಮುಚ್ಚಿತು. ನನ್ನ ಅಕ್ಕನ ಮನೆ ಕೊಟ್ಟಿಗೆಹಾರದಿಂದ ಒಳಗೆ, ಒಂದು ಹಳ್ಳದ ಆಚೆಗಿದೆ. ಮೊದಲ ದಿನ ಕರೆಂಟು ಹೋಯಿತು, ಮರುದಿನ ಅಲ್ಲಿನ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯಿತು, ಆಮೇಲೆ ಎರಡೂವರೆ ದಿನ ಅವರ ಸುದ್ದಿಯೇ ಇಲ್ಲ. ಆಗ ನನ್ನ ಬಳಿ ಹನ್ನೆರಡು ವರ್ಷದ ಹಳೆಯ ಪರವಾನಗಿ ಇತ್ತು, ಕೈಯಲ್ಲಿ ಹಿಡಿಯುವ ಐದು ವಾಟಿನ ಹ್ಯಾಂಡಿ ಇತ್ತು, ಮೇಜಿನ ಮೇಲೆ ನೂರು ವಾಟಿನ ಎಚ್‌ಎಫ್, ಅಂದರೆ ಹ್ರಸ್ವತರಂಗದ, ಸೆಟ್ಟು ಇತ್ತು. ಆ ಸೆಟ್ಟಿನಲ್ಲಿ ನಾನು ಜಪಾನಿನವರೊಡನೆಯೂ ಇಟಲಿಯವರೊಡನೆಯೂ ಮಾತನಾಡಿದ್ದೆ. ಆದರೆ ಆ ಹಳ್ಳದ ಆಚೆ ನನ್ನ ಮಾತು ಕೇಳಿಸಿಕೊಳ್ಳುವ ಇನ್ನೊಂದು ಸೆಟ್ಟು ಇರಲಿಲ್ಲ. ರೇಡಿಯೊ ಎಂಬುದು ಜೋಡೆತ್ತಿನ ಗಾಡಿ, ಒಂದೇ ಎತ್ತಿನಿಂದ ಅದು ಅಲುಗುವುದಿಲ್ಲ. ಮೂರನೆಯ ದಿನ ಭಾವ ಕೆಸರಿನಲ್ಲಿ ನಡೆದು ಕೊಟ್ಟಿಗೆಹಾರಕ್ಕೆ ಬಂದು, ಯಾರದೋ ಫೋನಿನಿಂದ, "ನಾವೆಲ್ಲ ಆರಾಮಿದ್ದೀವಿ ಮಾರಾಯ, ಕೊಟ್ಟಿಗೆ ಒಂದು ಹೋಯ್ತು ಅಷ್ಟೆ, ಅಕ್ಕನಿಗೆ ಏನೂ ಆಗಿಲ್ಲ" ಎಂದಾಗ ನನಗೆ ಮಾತೇ ಹೊರಡಲಿಲ್ಲ. ಆ ವರ್ಷದ ಮಾರ್ಗಶಿರದಲ್ಲಿ ಐದು ಜನ ಸೇರಿ ಕ್ಲಬ್ಬು ಆರಂಭಿಸಿದೆವು. ದೂರದ ದೇಶಗಳ ಸಂಪರ್ಕ ನಮಗೆ ಈಗಲೂ ಪ್ರಿಯವೇ, ಆದರೆ ಮೊದಲ ಗುರಿ ಜಿಲ್ಲೆಯೊಳಗಿನ ನಲವತ್ತು ಕಿಲೋಮೀಟರು ಎಂಬುದನ್ನು ಅಂದೇ ಒಪ್ಪಿಕೊಂಡೆವು.

ಈ ನಲವತ್ತು ಕಿಲೋಮೀಟರು ಸುಲಭವಲ್ಲ. ಹ್ಯಾಂಡಿಗಳು ಬಳಸುವ ಎರಡು ಮೀಟರ್ ತರಂಗಾಂತರದ ಪಟ್ಟಿಯ, ಅಂದರೆ 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಕಡೂರು, ತರೀಕೆರೆಯ ಬಯಲಿನಲ್ಲಿ ಇದರಿಂದ ತೊಂದರೆಯಿಲ್ಲ. ಕಳಸ, ಕೊಪ್ಪ, ಮೂಡಿಗೆರೆಯ ಕಣಿವೆಗಳಲ್ಲಿ ಮಾತ್ರ ಎದುರಿನ ಗುಡ್ಡವೇ ಗೋಡೆಯಾಗುತ್ತದೆ. ಅಲ್ಲಿ ನಮಗೆ ಆಸರೆಯಾಗುವುದು ನಲವತ್ತು ಮೀಟರ್ ಪಟ್ಟಿಯ 7 ಮೆಗಾಹರ್ಟ್ಸ್. ಆ ಅಲೆಯನ್ನು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಬಿಟ್ಟರೆ ನೆಲದಿಂದ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದ ಪದರಕ್ಕೆ ತಾಗಿ ಮರಳಿ ಕೆಳಗೆ ಸುರಿಯುತ್ತದೆ. ಬಾವಿಯೊಳಗೆ ನಿಂತವನಿಗೂ ನಡುನೆತ್ತಿಯ ಸೂರ್ಯ ಕಾಣುವಂತೆ, ಎಂತಹ ಕಣಿವೆಯ ತಳದಲ್ಲಿದ್ದವರಿಗೂ ಆ ಮಾತು ತಲುಪುತ್ತದೆ. ಇದಕ್ಕೆ ಎತ್ತರದ ಕಂಬವಾಗಲಿ ದುಬಾರಿ ಆಂಟೆನಾ ಆಗಲಿ ಬೇಕಿಲ್ಲ. ಎತ್ತರವಾದರೆ ಅಲೆ ಅಡ್ಡಕ್ಕೆ ಹರಡಿ ದೂರದೂರಿಗೆ ಹೋಗಿಬಿಡುತ್ತದೆ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲ್ ಎಂಬ ಸರಳ ತಂತಿ ಆಂಟೆನಾದ ಉದ್ದ ಮೀಟರುಗಳಲ್ಲಿ ಸಿಗುತ್ತದೆ, 7.1ಕ್ಕೆ ಅದು ಇಪ್ಪತ್ತು ಮೀಟರಿನ ಆಸುಪಾಸು. ನಡುವೆ ಕೇಬಲ್ಲು ಬೆಸೆದು, ಆಚೆ ಈಚೆ ಹತ್ತು ಹತ್ತು ಮೀಟರು ತಂತಿಯನ್ನು ಏಳೆಂಟು ಮೀಟರ್ ಎತ್ತರದಲ್ಲಿ ಎರಡು ಸಿಲ್ವರ್ ಮರಗಳ ನಡುವೆ ಕಟ್ಟಿದರೆ ಕೆಲಸವಾಯಿತು. ಕಾಫಿ ತೋಟದಲ್ಲಿ ಸಿಲ್ವರ್ ಮರಕ್ಕೆ ಬರವಿಲ್ಲ, ಮೆಣಸು ಕೊಯ್ಯುವ ಏಣಿಗೂ ಬರವಿಲ್ಲ.

ಆ ಏಣಿಯ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ತೋಟದ ನಡುವೆ ಹಾದುಹೋದ ವಿದ್ಯುತ್ ತಂತಿಗೆ ಅಲ್ಯೂಮಿನಿಯಂ ಏಣಿ ತಗುಲಿ ಮೆಣಸು ಕೊಯ್ಯುವವರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಮ್ಮ ಜಿಲ್ಲೆಯವರು ಓದುತ್ತಲೇ ಬಂದಿದ್ದೇವೆ. ಆಂಟೆನಾದ ತಂತಿಯೂ ಹಾಗೆಯೇ. ಎಸೆದ ತಂತಿ ಎತ್ತ ಬೀಳುತ್ತದೆಂದು ಎಸೆಯುವವನಿಗೆ ಮೊದಲೇ ತಿಳಿಯದು. ಆದ್ದರಿಂದ ನಮ್ಮ ಕ್ಲಬ್ಬಿನಲ್ಲಿ ವಿದ್ಯುತ್ ತಂತಿಯಿಂದ ಆಂಟೆನಾದ ಪೂರ್ಣ ಉದ್ದದ ಎರಡರಷ್ಟು ದೂರದೊಳಗೆ ಯಾರೂ ಕಟ್ಟಬಾರದು, ಮರಕ್ಕೆ ದಾಟಿಸುವುದು ನೈಲಾನ್ ದಾರವೇ ಹೊರತು ತಂತಿಯಲ್ಲ, ಬಿದಿರಿನ ಏಣಿಯ ಹೊರತು ಬೇರೆ ಏಣಿ ಇಲ್ಲ ಎಂಬ ಕಟ್ಟುಪಾಡು ಇದೆ. ಅಕ್ಟೋಬರ್ ಮೊದಲ ವಾರದಿಂದ ಜಿಲ್ಲೆಯ ಮಲೆನಾಡು ಭಾಗದಲ್ಲಿ ಒಂಬತ್ತು ಕಡೆ ಇಂತಹ ಡೈಪೋಲುಗಳನ್ನು ಕಟ್ಟಬೇಕೆಂದಿದ್ದೇವೆ. ಕತ್ತಲಾದ ಮೇಲೆ ಅಯಾನುಗೋಳ ತೆಳ್ಳಗಾಗಿ ನಲವತ್ತು ಮೀಟರಿನಲ್ಲಿ ದೆಹಲಿ ಕೇಳುತ್ತದೆ, ಪಕ್ಕದ ತಾಲ್ಲೂಕು ಕೇಳುವುದಿಲ್ಲ. ರಾತ್ರಿಗಾಗಿ ಎಂಬತ್ತು ಮೀಟರಿನ ಪಟ್ಟಿ ಬೇಕು, ಅದಕ್ಕೆ ತಂತಿಯೂ ಇಮ್ಮಡಿ. ಸ್ಥಳವಿರುವ ನಾಲ್ಕು ತೋಟಗಳಲ್ಲಿ ಅದನ್ನೂ ಕಟ್ಟುತ್ತೇವೆ.

ರಿಪೀಟರಿನ ವಿಷಯದಲ್ಲಿ ಭಾನುವಾರ ಸಾಕಷ್ಟು ಚರ್ಚೆಯಾಯಿತು. ಎತ್ತರದ ಬೆಟ್ಟದ ಮೇಲೊಂದು ರಿಪೀಟರ್ ಇಟ್ಟರೆ, ಅದು ಒಂದು ಆವರ್ತನದಲ್ಲಿ ಕೇಳಿಸಿಕೊಂಡದ್ದನ್ನು ಅದೇ ಕ್ಷಣ 600 ಕಿಲೋಹರ್ಟ್ಸ್ ಆಚೆಗಿನ ಇನ್ನೊಂದರಲ್ಲಿ ಮರುಪ್ರಸಾರ ಮಾಡುವುದರಿಂದ, ಸಣ್ಣ ಹ್ಯಾಂಡಿಗಳಿಂದಲೇ ಜಿಲ್ಲೆಯ ಬಹುಭಾಗದಲ್ಲಿ ಮಾತನಾಡಬಹುದೆಂಬುದು ತರುಣ ಸದಸ್ಯರ ಆಸೆ. ಆಸೆ ಸರಿಯಾದದ್ದೇ. ಆದರೆ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು, ಸ್ಥಳಕ್ಕೆ ಅನುಮತಿ ಬೇಕು, ಜುಲೈ ತಿಂಗಳಿನಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಬೆಟ್ಟದ ಮೇಲೆ ಸೌರಫಲಕವನ್ನು ನಂಬಿ ಬ್ಯಾಟರಿ ಇಡಬೇಕು, ಏಪ್ರಿಲ್-ಮೇ ತಿಂಗಳುಗಳ ಸಿಡಿಲನ್ನು ತಡೆದುಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಕೆಟ್ಟ ದಿನ ಇಡೀ ಜಿಲ್ಲೆ ಒಟ್ಟಿಗೆ ಮೌನವಾಗುತ್ತದೆ. ಒಂಬತ್ತು ಡೈಪೋಲುಗಳಲ್ಲಿ ಎರಡು ಬಿದ್ದರೂ ಏಳು ಉಳಿಯುತ್ತವೆ. ರಿಪೀಟರಿಗೆ ಅರ್ಜಿ ಸಿದ್ಧಪಡಿಸುವುದು, ಆದರೆ ಕೈಯಲ್ಲಿರುವ ಹಣವನ್ನು ಮೊದಲು ಬ್ಯಾಟರಿ ಮತ್ತು ತಂತಿಗೆ ಹಾಕುವುದು ಎಂಬಲ್ಲಿಗೆ ಚರ್ಚೆ ಬಂದು ನಿಂತಿತು. ನನಗೆ ಇದು ಸಮಾಧಾನದ ತೀರ್ಮಾನ.

ಅಕ್ಟೋಬರ್ ಮೂರನೆಯ ವಾರಾಂತ್ಯದಲ್ಲಿ ಜಗತ್ತಿನ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ರೇಡಿಯೊ ಮೂಲಕ ಪರಸ್ಪರ ಮಾತನಾಡುವ ಜಾಂಬೊರಿ ಇರುತ್ತದೆ. ಈ ಬಾರಿ ನಗರದ ಎರಡು ಶಾಲೆಗಳ ಮಕ್ಕಳನ್ನು ನಮ್ಮ ಕೇಂದ್ರಕ್ಕೆ ಕರೆಸುತ್ತೇವೆ.

ಅದರ ಬೆನ್ನಿಗೇ ದೀಪಾವಳಿ. ನರಕ ಚತುರ್ದಶಿಯ ಹೊತ್ತಿಗೆ ಮಲ್ಲೇನಹಳ್ಳಿಯ ಬಳಿಯ ದೇವೀರಮ್ಮನ ಬೆಟ್ಟವನ್ನು ರಾತ್ರಿಯಿಂದಲೇ ಸಾವಿರಾರು ಜನ ಬರಿಗಾಲಿನಲ್ಲಿ ಹತ್ತುತ್ತಾರೆ. ವರ್ಷದಲ್ಲಿ ಆಗ ಮಾತ್ರ ಜನ ತುಳಿಯುವ ದಾರಿ ಅದು. ಹಿಂದಿನ ದಿನ ಮಳೆಯಾಗಿದ್ದರೆ ಕೆಮ್ಮಣ್ಣು ಜಾರುತ್ತದೆ, ಹತ್ತುವವರೂ ಇಳಿಯುವವರೂ ಒಂದೇ ಕಡಿದಾದ ಜಾಡಿನಲ್ಲಿ ಎದುರಾಗುತ್ತಾರೆ, ಸಾವಿರಾರು ಫೋನುಗಳು ಒಮ್ಮೆಗೇ ಟವರನ್ನು ಹುಡುಕುವುದರಿಂದ ಯಾವ ಫೋನಿಗೂ ಸರಿಯಾಗಿ ಕರೆ ಹೋಗುವುದಿಲ್ಲ. ಪೊಲೀಸರಿಗೂ ಆರೋಗ್ಯ ಇಲಾಖೆಯವರಿಗೂ ಅವರವರ ವ್ಯವಸ್ಥೆಗಳಿವೆ. ನಾವು ಅವರ ಅನುಮತಿ ಪಡೆದು, ಬುಡದಲ್ಲಿ ಇಬ್ಬರು, ನಡುದಾರಿಯಲ್ಲಿ ಮೂವರು, ಮೇಲೊಬ್ಬರು ನಿಂತು, ಬಿದ್ದವರು ಎಲ್ಲಿದ್ದಾರೆ, ಜಾಡು ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ನಮ್ಮ ನಮ್ಮಲ್ಲಿ ತಿಳಿಸಿಕೊಂಡು, ಬುಡದಲ್ಲಿರುವ ಅಧಿಕಾರಿಗಳ ಗಮನಕ್ಕೆ ತರುವುದಷ್ಟೇ ಕೆಲಸ.

ಕಳೆದ ವರ್ಷ ಅಲ್ಲಿ ಕಲಿತ ಒಂದು ಪಾಠ ಈ ವರ್ಷದ ಅಭ್ಯಾಸವನ್ನೇ ಬದಲಿಸಿದೆ. ನಡುದಾರಿಯ ಸದಸ್ಯರು ಎಪ್ಪತ್ತು ವಯಸ್ಸಿನ ಅಜ್ಜಿಯೊಬ್ಬರಿಗೆ ಸುಸ್ತಾಗಿದೆ ಎಂದು ಹೇಳಿದ್ದು ಕೆಳಗೆ ಇಪ್ಪತ್ತು ಎಂದು ಕೇಳಿತ್ತು, ಕೆಳಗಿನವರು ತರುಣಿಯೊಬ್ಬಳನ್ನು ಹುಡುಕುತ್ತಿದ್ದರು. ಅಜ್ಜಿ ಕ್ಷೇಮವಾಗಿಯೇ ಇಳಿದರು, ಆದರೆ ಆ ಇಪ್ಪತ್ತು ನಿಮಿಷಗಳ ಹುಡುಕಾಟವನ್ನು ನಾನು ಮರೆತಿಲ್ಲ. ಗದ್ದಲದಲ್ಲಿ ಪದದ ಮೊದಲ ಅಕ್ಷರ ನುಂಗಿಹೋದರೆ ಇಪ್ಪತ್ತು, ಎಪ್ಪತ್ತು ಎರಡೂ ಒಂದೇ. ಎಂಬತ್ತು, ತೊಂಬತ್ತು ಎರಡೂ ಒಂದೇ. ಮೂರು, ಆರು, ನೂರು ಮೂರೂ ಒಂದೇ ಬಾಲದ ಪದಗಳು. ಇಂಗ್ಲಿಷಿನಲ್ಲಿ ಆಲ್ಫಾ, ಬ್ರಾವೊ ಎಂದು ಅಕ್ಷರ ಬಿಡಿಸುವುದನ್ನು ಪುಸ್ತಕ ನೋಡಿ ಕಲಿತಿದ್ದ ನಾವು, ನಮ್ಮ ಜನ ಆಪತ್ತಿನಲ್ಲಿ ಕೂಗಿಕೊಳ್ಳುವುದು ಕನ್ನಡದಲ್ಲೆಂಬುದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ಈಗ ಸಂಖ್ಯೆಗಳನ್ನು ಬಿಡಿಬಿಡಿಯಾಗಿ, "ಏಳು, ಸೊನ್ನೆ" ಎಂದೇ ಹೇಳುತ್ತೇವೆ. ಮೂರು ಎನ್ನಬೇಕಾದಲ್ಲಿ "ಒಂದು, ಎರಡು, ಮೂರು", ಆರು ಎನ್ನಬೇಕಾದಲ್ಲಿ "ನಾಲ್ಕು, ಐದು, ಆರು" ಎಂದು ಎಣಿಸಿ ನಿಲ್ಲಿಸುತ್ತೇವೆ. ಹೆಸರು ಬಿಡಿಸಲು ಅ ಅರಸ, ಆ ಆನೆ ಎಂಬ ಒಂದನೆಯ ತರಗತಿಯ ಪಾಠವೇ ಸಾಕಾಯಿತು, ಏಕೆಂದರೆ ಅದನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಊರಿನ ಹೆಸರಿನ ಜೊತೆ ಹೋಬಳಿಯ ಹೆಸರನ್ನು ಕಡ್ಡಾಯ ಮಾಡಿದ್ದೇವೆ. ಹೊಸಹಳ್ಳಿ ಎಂದಷ್ಟೇ ಹೇಳಿದರೆ ಈ ಸೀಮೆಯಲ್ಲಿ ಯಾವ ಹೊಸಹಳ್ಳಿಗೆ ಆಂಬುಲೆನ್ಸ್ ಹೋಗಬೇಕು?

ಕಾರ್ತಿಕ ಕಳೆದ ಮೇಲೆ ಪರವಾನಗಿ ಪರೀಕ್ಷೆಯ ತರಗತಿಗಳು ಆರಂಭವಾಗುತ್ತವೆ, ಪ್ರತಿ ಶನಿವಾರ ಸಂಜೆ ಎರಡು ಗಂಟೆಗಳ ಕಾಲ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ನಿರ್ಬಂಧಿತ ದರ್ಜೆಗೆ ವಿದ್ಯುತ್ತು ಮತ್ತು ರೇಡಿಯೊದ ಮೂಲಪಾಠ ಹಾಗೂ ನಿಯಮಗಳು ಸಾಕು. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಮಾರ್ಸ್ ಸಂಕೇತವೂ ಬರಬೇಕು. ಓದಲು ಸಿಗುವ ಪುಸ್ತಕಗಳು ಬಹುಪಾಲು ಇಂಗ್ಲಿಷಿನವು, ಪಾಠ ಮಾತ್ರ ನಾವು ಕನ್ನಡದಲ್ಲೇ ಮಾಡುತ್ತೇವೆ. ಪಿಯು ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷ ಭೌತಶಾಸ್ತ್ರ ಕಲಿಸಿದ ನನಗೆ ಓಮನ ನಿಯಮವನ್ನು ಹೇಳಲು ತೋಟದ ಸ್ಪ್ರಿಂಕ್ಲರ್ ಪೈಪಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಫೆಬ್ರವರಿಯಲ್ಲಿ ಕಾಫಿಯ ಹೂವಿಗಾಗಿ ನೀರು ಹಾಯಿಸುವವರಿಗೆ ಪಂಪಿನ ಒತ್ತಡ, ಪೈಪಿನ ಅಗಲ, ಬರುವ ನೀರು ಇವುಗಳ ಸಂಬಂಧ ಗೊತ್ತೇ ಇರುತ್ತದೆ, ವೋಲ್ಟು, ಓಮು, ಆಂಪಿಯರ್ ಎಂಬ ಹೆಸರುಗಳನ್ನು ಅದಕ್ಕೆ ಅಂಟಿಸಿದರೆ ಸಾಕು. ಕಳೆದ ತಂಡದಲ್ಲಿ ಆಶಾ ಕಾರ್ಯಕರ್ತೆಯೊಬ್ಬರಿದ್ದರು. ತಮ್ಮ ಊರಿನ ಪ್ರತಿ ಮನೆಯ ಗರ್ಭಿಣಿಯರನ್ನೂ ಹಾಸಿಗೆ ಹಿಡಿದ ವೃದ್ಧರನ್ನೂ ಬಲ್ಲ ಅವರ ಕೈಯಲ್ಲಿ ರೇಡಿಯೊ ಇರುವುದಕ್ಕೂ ಪಟ್ಟಣದಲ್ಲಿರುವ ನನ್ನ ಕೈಯಲ್ಲಿ ಇರುವುದಕ್ಕೂ ಬಹಳ ವ್ಯತ್ಯಾಸವಿದೆ. ಈ ವರ್ಷ ಅಂತಹವರನ್ನೇ ಹೆಚ್ಚಾಗಿ ಕರೆಯಬೇಕೆಂಬುದು ನನ್ನ ಒತ್ತಾಯ, ಅವರ ಪರೀಕ್ಷಾ ಶುಲ್ಕವನ್ನು ಕ್ಲಬ್ಬು ಕಟ್ಟುತ್ತದೆ.

ಡಿಸೆಂಬರಿನಿಂದ ಹಳ್ಳಿಯ ಪ್ರೌಢಶಾಲೆಗಳಿಗೆ ಹೋಗುತ್ತೇವೆ. ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ, ಪಿವಿಸಿ ಪೈಪಿಗೆ ಬಿಗಿದು ಮಕ್ಕಳೇ ಆಂಟೆನಾ ಮಾಡುತ್ತಾರೆ. ಅದನ್ನು ಹಿಡಿದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು 145.800 ಮೆಗಾಹರ್ಟ್ಸ್‌ನಲ್ಲಿ ಆಲಿಸುತ್ತಾರೆ. ನಿಲ್ದಾಣ ದಿಗಂತದಿಂದ ದಿಗಂತಕ್ಕೆ ಸಾಗಲು ಹತ್ತು ನಿಮಿಷ ಸಾಕು, ಅಷ್ಟರಲ್ಲಿ ಮಕ್ಕಳು ಆಂಟೆನಾವನ್ನು ಅದರ ಜೊತೆಜೊತೆಗೇ ತಿರುಗಿಸಬೇಕು. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅವರು ಅಲ್ಲಿಂದ ಹ್ಯಾಮ್ ರೇಡಿಯೊ ಮೂಲಕವೇ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಮಾತನಾಡಿದ ಮೇಲೆ ಶಾಲೆಗಳಿಂದ ಕರೆಗಳು ಹೆಚ್ಚಿವೆ. ನಮ್ಮ ದೇಶವೇ ಹ್ಯಾಮ್‌ಗಳಿಗಾಗಿ 42.5 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹವನ್ನು 2005ರ ಮೇ 5ರಂದು ಹಾರಿಸಿತ್ತೆಂಬುದು ಮಕ್ಕಳಿಗೆ ತಿಳಿದಿರುವುದಿಲ್ಲ. ಅನುಮತಿ ದೊರೆತರೆ ಜನವರಿಯಲ್ಲಿ ಹಾಸನದ ಇಸ್ರೊ ಪ್ರಧಾನ ನಿಯಂತ್ರಣ ಕೇಂದ್ರಕ್ಕೆ ಒಂದು ಬಸ್ಸು ಮಕ್ಕಳನ್ನು ಕರೆದೊಯ್ಯುವ ಆಲೋಚನೆಯಿದೆ.

ಶಿವರಾತ್ರಿಗೆ ಮುಂಚೆ ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಗಳು ಹಾಸನ, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಇಳಿಯುತ್ತಾರೆ. ಘಾಟಿಯ ತಿರುವುಗಳಲ್ಲಿ ಫೋನು ಕೈಕೊಡುವುದರಿಂದ ಕೊಟ್ಟಿಗೆಹಾರದಿಂದ ಕೆಳಗಿನ ಚೆಕ್‌ಪೋಸ್ಟಿನವರೆಗೆ ಐದು ಜಾಗಗಳಲ್ಲಿ ನಮ್ಮವರು ಎರಡು ರಾತ್ರಿ ನಿಲ್ಲುತ್ತಾರೆ. ದಾರಿಯುದ್ದಕ್ಕೂ ಮಜ್ಜಿಗೆ, ಊಟ, ಕಾಲಿಗೆ ಎಣ್ಣೆ ಕೊಡುವ ಭಕ್ತರಿರುವಾಗ ನಾವು ಕೊಡಬಹುದಾದದ್ದು ಇದು.

ಏಪ್ರಿಲ್ 18 ವಿಶ್ವ ಹವ್ಯಾಸಿ ರೇಡಿಯೊ ದಿನ. 1925ರಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ ಪ್ಯಾರಿಸ್‌ನಲ್ಲಿ ಆರಂಭವಾದ ದಿನ ಅದು. ಅಂದು ಊರಿನ ಮೈದಾನದಲ್ಲಿ ಪ್ರದರ್ಶನವಿರುತ್ತದೆ. ಆದರೆ ನನ್ನ ಮನಸ್ಸಿರುವುದು ಮೇ ಕೊನೆಯ ವಾರದ ಅಣಕು ಕಾರ್ಯಾಚರಣೆಯಲ್ಲಿ. 2004ರ ಡಿಸೆಂಬರಿನಲ್ಲಿ ಹವ್ಯಾಸದ ಸಂಪರ್ಕಗಳಿಗಾಗಿ ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ, ಸುನಾಮಿ ಬಡಿದ ದಿನ ಅದೇ ಸೆಟ್ಟುಗಳಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಲು ಸಾಧ್ಯವಾದದ್ದು ಆಂಟೆನಾ ಆಗಲೇ ಮೇಲಿದ್ದುದರಿಂದ, ಕೈ ಆಗಲೇ ಪಳಗಿದ್ದುದರಿಂದ. ಅಣಕು ಕಾರ್ಯಾಚರಣೆಯ ಎರಡು ದಿನ ಸದಸ್ಯರು ಮನೆಯ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯೊಂದರಿಂದಲೇ ಕೆಲಸ ಮಾಡಿ, ಒಂಬತ್ತು ಕಡೆಗಳಿಂದ ನದಿಯ ಮಟ್ಟ, ರಸ್ತೆಯ ಸ್ಥಿತಿ, ಬೇಕಾದ ಔಷಧಿ ಎಂಬ ಕಲ್ಪಿತ ಸಂದೇಶಗಳನ್ನು ನಗರದ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ಅವು ಬರಹದಲ್ಲಿ 1077 ಸಹಾಯವಾಣಿಯಿರುವ ಜಿಲ್ಲಾಡಳಿತದ ನಿಯಂತ್ರಣ ಕೊಠಡಿಗೆ ಹೋಗುತ್ತವೆ. ಒಂದು ನಿಯಮವನ್ನು ಮಾತ್ರ ಯಾರೂ ಮೀರುವಂತಿಲ್ಲ: ಸತ್ತವರ, ಗಾಯಗೊಂಡವರ ಹೆಸರನ್ನು ರೇಡಿಯೊದಲ್ಲಿ ಹೇಳಬಾರದು. ನಮ್ಮ ಮಾತನ್ನು ಯಾರು ಬೇಕಾದರೂ ಕೇಳಬಹುದು. ಮಗ ಹೋದ ಸುದ್ದಿಯನ್ನು ತಾಯಿಯೊಬ್ಬಳು ಪಕ್ಕದ ಮನೆಯ ರೇಡಿಯೊದಿಂದ ತಿಳಿಯುವಂತಾಗಬಾರದು.

ಇಷ್ಟೆಲ್ಲಕ್ಕೆ ಮುಂಚೆ ಬರುವ ಭಾನುವಾರ ಕೊಟ್ಟಿಗೆಹಾರದ ಬಳಿ ಮೊದಲ ಡೈಪೋಲು ಏರುತ್ತದೆ. ಜಾಗ ನನ್ನ ಅಕ್ಕನ ತೋಟ. ಭಾವನಿಗೆ ಈಗ ಅರವತ್ತೆಂಟು ವರ್ಷ. ಹೋದ ವರ್ಷ ಪರೀಕ್ಷೆ ಪಾಸು ಮಾಡಿ ಕರೆಸಂಕೇತ ಪಡೆದಿದ್ದಾರೆ. ಅರ್ತಿಂಗ್ ಗುಂಡಿಯನ್ನು ಆಗಲೇ ತೋಡಿಸಿ, ಇದ್ದಿಲು, ಉಪ್ಪು ತಂದಿಟ್ಟಿರುವುದಾಗಿ ನಿನ್ನೆ ತಿಳಿಸಿದರು. ಬರುವವರು ಮೂವತ್ತು ಮೀಟರ್ ನೈಲಾನ್ ಹಗ್ಗ, ಬೆಸುಗೆ ಕಡ್ಡಿ, ಜಿಗಣೆಗೆ ಹಚ್ಚಿಕೊಳ್ಳಲು ಸುಣ್ಣ ತರಬೇಕು. ಊಟ ಅಕ್ಕನದು. ಮಧ್ಯಾಹ್ನ ಮೂರಕ್ಕೆ ಭಾವ ಅಲ್ಲಿಂದ ಮೊದಲ ಬಾರಿ ನಗರವನ್ನು ಕರೆಯುತ್ತಾರೆ. ಇಲ್ಲಿ ಸೆಟ್ಟಿನ ಮುಂದೆ ನಾನು ಕುಳಿತಿರುತ್ತೇನೆ.